ಬಸ್ಸಿನ ರೈಟು

ಆ ಮನೆಯಲ್ಲಿ ಒಂದು ಬೆಳಿಗ್ಗೆ ಅತ್ಯಂತ ಗುರುತರವಾದ ನಿರ್ಣಯವೊಂದು ಜಾರಿಗೆ ಬಂತು: ಸಕ್ಕರೆ ಡಬ್ಬಿಯನ್ನು ಮೇಲಿನ ಗೂಡಿನಿಂದ ಕೆಳಗಿನ ಗೂಡಿಗೆ ವರ್ಗಾಯಿಸಲಾಯಿತು. ಚರ್ಚೆಗೆ ಅವಕಾಶವಿರಲಿಲ್ಲ, ಬೀಳ್ಕೊಡುಗೆಯೂ ಇರಲಿಲ್ಲ. ಟೀ ಪುಡಿ ಅದಕ್ಕೂ ಮೊದಲೇ ಇಳಿದಿತ್ತು. ಗೋಡೆಯ ಕನ್ನಡಿ, ಬಾಚಣಿಗೆ, ಟವೆಲು ನೇತುಹಾಕುವ ಮೊಳೆ ಎಲ್ಲವೂ ಒಂದೊಂದಾಗಿ ಎದೆಮಟ್ಟಕ್ಕೆ ಬಂದು ಕೂತಿದ್ದವು. ಸಕ್ಕರೆ ಡಬ್ಬಿ ಒಂದೇ ಪಟ್ಟು ಬಿಡದೆ ಮೇಲಿತ್ತು. ಅದೂ ಇಳಿದುಬಿಟ್ಟರೆ ಸೋತೆನೆಂದು ಬರೆದುಕೊಟ್ಟ ಹಾಗೆ ಎಂದು ಮನೆಯ ಯಜಮಾನ ಅಂದುಕೊಂಡಿದ್ದ. ಆವತ್ತು ಅವನು ಅದಕ್ಕೆ ಕೈ ಚಾಚಿದ, ಕೈ ಅರ್ಧ ದಾರಿಗೆ ಹೋಗಿ ಯೋಚನೆ ಬದಲಾಯಿಸಿತು, ಹೆಂಡತಿ ಹಿಂದಿನಿಂದ ಬಂದು ಡಬ್ಬಿ ಇಳಿಸಿ ಕೆಳಗಿಟ್ಟಳು. ಆವತ್ತಿನ ಟೀ ವಿಪರೀತ ಸಿಹಿಯಾಗಿತ್ತು.

ಯಜಮಾನ ಸಿಟಿ ಬಸ್ಸಿನ ಕಂಡಕ್ಟರ್. ಡಿಪೋದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ‘ಗಂಭೀರ’. ಅವನು ನಗುತ್ತಿದ್ದ, ಅವನ ಮುಖ ನಗುತ್ತಿರಲಿಲ್ಲ. ಈ ಸೂಕ್ಷ್ಮ ಹೆಂಡತಿಗೆ, ಮಗಳಿಗೆ ಮತ್ತು ಡ್ರೈವರಿಗೆ ತಿಳಿದಿತ್ತು. ಪ್ರಯಾಣಿಕರಿಗೆ ತಿಳಿಯದ ಕಾರಣ ‘ಕಂಡಕ್ಟರ್ ದುರುಗುಟ್ಟುತ್ತಾನೆ’ ಎಂಬ ದೂರು ಆಗಾಗ ಬರುತ್ತಲೇ ಇತ್ತು. ಅವನ ಅಪ್ಪನಿಗೂ ಅದೇ ಮುಖ. ಆ ಕಾಲದಲ್ಲಿ ಅದನ್ನು ರೋಗ ಎನ್ನುತ್ತಿರಲಿಲ್ಲ, ಸ್ವಭಾವ ಎನ್ನುತ್ತಿದ್ದರು. ಅಪ್ಪನಿಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ, ಬಲೂನು ಊದಲು ಬರುತ್ತಿರಲಿಲ್ಲ, ಬರುಬರುತ್ತಾ ಕೈ ಎತ್ತಲೂ ಬಾರದಾಯಿತು. ಪಿತ್ರಾರ್ಜಿತ ಆಸ್ತಿ ಅದೇ ಕ್ರಮದಲ್ಲಿ ಮಗನ ಪಾಲಿಗೆ ಬಂತು. ಮಸ್ಕ್ಯುಲರ್ ಡಿಸ್ಟ್ರೋಫಿಯಲ್ಲಿ ಇದೊಂದು ಬಗೆ ಎಂದು ಆಸ್ಪತ್ರೆಯವರು ಹೇಳಿದರು. ಮುಖ, ಹೆಗಲು, ತೋಳಿನ ಸ್ನಾಯುಗಳು ಸದ್ದಿಲ್ಲದೆ ಸವೆದುಕೊಂಡು ಹೋಗುತ್ತವೆ. ಹಾಗಾಗಿ ಆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು ಸಿಳ್ಳೆ ಹಾಕಿದರೆ ಯಾರೂ ಗದರುತ್ತಿರಲಿಲ್ಲ. “ಎಲ್ಲಿ, ಇನ್ನೊಂದ್ಸಲ ಹಾಕು” ಎಂದು ಅಮ್ಮನೇ ಅಡುಗೆಮನೆಯಿಂದ ಕೂಗುತ್ತಿದ್ದಳು. ಅಪ್ಪ ಕಿವಿಗೊಟ್ಟು ಕೇಳಿ, “ರೈಟ್” ಅನ್ನುತ್ತಿದ್ದ.

ಈ ‘ರೈಟ್’ ಬಗ್ಗೆ ಎರಡು ಮಾತು ಹೇಳಲೇಬೇಕು. ಬಸ್ಸಿನ ಬಾಗಿಲಲ್ಲಿ ಅರ್ಧ ಆಯುಷ್ಯ ಕಳೆದವನ ಬಾಯಲ್ಲಿ ಆ ಪದಕ್ಕೆ ಹೊರಡೋಣ, ಆಯಿತು, ಗೊತ್ತಾಯಿತು, ಸಾಕು, ಬಿಡು, ದೇವರಿಟ್ಟ ಹಾಗಾಗಲಿ ಎಂಬ ಎಲ್ಲ ಅರ್ಥವೂ ಇತ್ತು. ಬಲಗಡೆ ಎಂಬ ಒಂದು ಅರ್ಥ ಮಾತ್ರ ಇರಲಿಲ್ಲ. ಬಲಗೈಯನ್ನು ಅವನು ಬಲಗೈ ಎಂದೇ ಕರೆಯುತ್ತಿದ್ದ. ಮದುವೆಯ ಮಾತುಕತೆಯಲ್ಲಿ ಹುಡುಗಿ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗಲೂ ಅವನು ಹೇಳಿದ್ದು “ರೈಟ್” ಎಂದೇ. ಹೆಂಡತಿ ಅದನ್ನು ಇವತ್ತಿಗೂ ಮರೆತಿಲ್ಲ.

ಮುಂಚೆ ಅವನ ಕೈ ಏಳದಿದ್ದರೂ ಬಸ್ಸು ನಿಂತಿರಲಿಲ್ಲ. ಡ್ರೈವರಿಗೆ ಸೂಚನೆ ಕೊಡುವ ಗಂಟೆಯ ಹಗ್ಗ ಚಾವಣಿಯಲ್ಲಿ, ಬಾಗಿಲಿನ ಮೇಲ್ಭಾಗದ ಉದ್ದಕ್ಕೂ ಹಾದುಹೋಗುತ್ತದೆ. ಟಿಕೆಟ್ ಯಂತ್ರ, ಚಿಲ್ಲರೆ ಎಲ್ಲ ಬಲಗೈಯ ಖಾತೆ, ಮುಂದಕ್ಕೆ ಮುಖ ಮಾಡಿ ನಿಂತರೆ ಎಡಕ್ಕೆ ಬರುವ ಹಗ್ಗ ಎಡಗೈಯದು. ಎಡಗೈ ಮುಷ್ಕರ ಹೂಡಿದ ಮೇಲೆ ಅವನು ಬಸ್ಸಿನ ತಗಡಿಗೆ ಬಡಿದು “ರೈಟ್” ಎಂದು ಕೂಗುತ್ತಿದ್ದ, ಡ್ರೈವರ್ ಹೊರಡುತ್ತಿದ್ದ. ಇಬ್ಬರದೂ ಹಳೆಯ ಸ್ನೇಹ. ಗಂಭೀರ ಕೆಮ್ಮಿದರೂ ಬಸ್ಸು ಹೊರಡುತ್ತದೆ ಎಂದು ಡಿಪೋದಲ್ಲಿ ತಮಾಷೆ ಮಾಡುತ್ತಿದ್ದರು. ಆಮೇಲೆ ಹೊಸ ಬಸ್ಸು ಬಂತು. ಅದರಲ್ಲಿ ಡ್ರೈವರನ ಸುತ್ತ ಗಾಜಿನ ಕೋಣೆ. ಹೊರಗೆ ಆಕಾಶ ಕಳಚಿಬಿದ್ದರೂ ಒಳಗೆ ಕೇಳುವುದಿಲ್ಲ, ಗಂಟೆಯೊಂದೇ ಕೇಳುತ್ತದೆ. ಗಂಭೀರ ಕೊಕ್ಕೆ ಹಿಡಿಕೆಯ ಛತ್ರಿಯೊಂದನ್ನು ಇಟ್ಟುಕೊಂಡು ಅದರಿಂದ ಹಗ್ಗ ಎಳೆಯತೊಡಗಿದ. ಬೇಸಿಗೆಯಲ್ಲೂ ಛತ್ರಿ ಹಿಡಿದ ಕಂಡಕ್ಟರನನ್ನು ಜನ ಸಹಿಸಿಕೊಂಡರು. ಅದರ ತುದಿ ಒಬ್ಬರ ಕನ್ನಡಕ ಹಾರಿಸಿದ ಮೇಲೆ ಸಹಿಸಿಕೊಳ್ಳಲಿಲ್ಲ.

ಡಿಪೋ ಮ್ಯಾನೇಜರ್ ಕರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ; ಕೆಟ್ಟ ಸುದ್ದಿಯನ್ನು ಕಿಟಕಿಯ ಕಡೆ ನೋಡಿಕೊಂಡು ಹೇಳುವ ಮನುಷ್ಯರು.

“ಚಿಕಿತ್ಸೆ ಏನಿದೆಯೋ ಮಾಡಿಸ್ಕೊಂಡು ಬನ್ನಿ. ರಜೆ ಮುಗಿದ ಮೇಲೆ ಬಸ್ಸಲ್ಲಿ ನಿಂತು ಬೆಲ್ ಎಳೆದು ತೋರಿಸ್ಬೇಕು. ಆದ್ರೆ ಸರಿ. ಆಗ್ಲಿಲ್ಲ ಅಂದ್ರೆ ಕೆಳಗಡೆ ಹಾಕ್ತೀವಿ.”

ಕೆಳಗಡೆ ಎಂದರೆ ನೆಲಮಾಳಿಗೆ. ಬಸ್ಸಿನಲ್ಲಿ ಜನ ಬಿಟ್ಟುಹೋದ ವಸ್ತುಗಳ ಕೋಣೆ. ಒಂಟಿ ಚಪ್ಪಲಿ, ಊಟದ ಡಬ್ಬಿ, ಹಲ್ಲಿನ ಸೆಟ್ಟು, ರಾಶಿ ಛತ್ರಿ. ಅಲ್ಲಿ ಈಗಾಗಲೇ ಇದ್ದ ಗುಮಾಸ್ತ ಸ್ವತಃ ಬಿಟ್ಟುಹೋದ ವಸ್ತುವಿನಂತೆ ಕಾಣುತ್ತಿದ್ದ. ಗಂಭೀರನಿಗೆ ಬಸ್ಸಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಬೆನ್ನು, ಕಾಲು, ಗಂಟಲು ಎಲ್ಲ ಬಸ್ಸಿಗೇ ಸವೆದಿದ್ದವು. ಆದರೆ ಬಸ್ಸಿನಲ್ಲಿ ಅವನು ರೈಟ್ ಅಂದರೆ ಒಂದು ದೊಡ್ಡ ವಸ್ತು ಚಲಿಸುತ್ತಿತ್ತು. ನೆಲಮಾಳಿಗೆಯಲ್ಲಿ ರೈಟ್ ಅಂದರೆ ಏನು ಚಲಿಸುತ್ತದೆ?

ಮೂಳೆ ಡಾಕ್ಟರು ಅವನ ಅಂಗಿ ಬಿಚ್ಚಿಸಿ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದರು. ಬೆನ್ನಿನ ಮೇಲೆ ಎರಡೂ ಹೆಗಲ ಹಲಗೆಮೂಳೆಗಳು ಎದ್ದು, ಮಡಚಿಟ್ಟ ರೆಕ್ಕೆಗಳ ಹಾಗೆ ಕಾಣುತ್ತಿದ್ದವು.

“ಕೈ ಎತ್ತಿ.”

ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ರೆಕ್ಕೆ ಇನ್ನಷ್ಟು ಹೊರಗೆ ಚಾಚಿತು. ಡಾಕ್ಟರು ತಮ್ಮ ಅಂಗೈಯನ್ನು ಆ ಮೂಳೆಯ ಮೇಲಿಟ್ಟು ಪಕ್ಕೆಗೆ ಒತ್ತಿ ಹಿಡಿದು, “ಈಗ ಎತ್ತಿ” ಅಂದರು.

ಕೈ ಎದ್ದಿತು. ಹೆಗಲು ದಾಟಿತು, ಕಿವಿಯ ಹತ್ತಿರ ಬಂತು, ಇನ್ನೂ ಸ್ವಲ್ಪ ಹೋಯಿತು. ಗಂಭೀರ ಅದನ್ನು ಯಾರದೋ ಕೈ ನೋಡಿದ ಹಾಗೆ ನೋಡಿದ. ಮೂಲೆಯ ಕುರ್ಚಿಯಲ್ಲಿದ್ದ ಹೆಂಡತಿ ಅರ್ಧ ಎದ್ದು ನಿಂತಳು. ಡಾಕ್ಟರು ಅಂಗೈ ತೆಗೆದರು, ಕೈ ಕುಸಿದು ಬಿತ್ತು.

“ನೋಡಿ, ಕೈಗೆ ಇನ್ನೂ ಶಕ್ತಿ ಇದೆ. ಅದು ಊರಿಕೊಳ್ಳೋ ಮೂಳೆ ಜಾರ್ತಾ ಇದೆ, ಅಷ್ಟೆ. ಈಗ ನಾನು ಒತ್ತಿ ಹಿಡಿದ್ನಲ್ಲ, ಹಾಗೇ ಅದನ್ನ ಪಕ್ಕೆಲುಬಿಗೆ ತಂತಿ ಹಾಕಿ ಬಿಗಿದುಬಿಡ್ತೀವಿ. ಸೊಂಟದ ಮೂಳೆಯಿಂದ ಒಂಚೂರು ತೆಗೆದು ಮಧ್ಯೆ ಇಡ್ತೀವಿ, ಎರಡೂ ಬೆಸೆದುಕೊಳ್ಳುತ್ತೆ.”

“ರೋಗ ಹೋಗುತ್ತಾ ಡಾಕ್ಟ್ರೇ?” ಎಂದು ಕೇಳಿದಳು ಹೆಂಡತಿ.

“ಇಲ್ಲಮ್ಮ. ರೋಗ ತನ್ನ ಪಾಡಿಗೆ ತಾನಿರುತ್ತೆ. ತೋಳಿನ ಶಕ್ತಿ ಇರೋವರೆಗೂ ಕೈ ಏಳುತ್ತೆ. ಶ್ವಾಸಕೋಶ ಪಕ್ಕದಲ್ಲೇ ಇರೋದ್ರಿಂದ ಅಪಾಯ ಇಲ್ಲ ಅಂತ ಹೇಳಲ್ಲ. ಆಮೇಲೆ ತಿಂಗಳುಗಟ್ಟಲೆ ಕೈ ಕಟ್ಟಿಹಾಕ್ಬೇಕು. ಅದಕ್ಕೇ ಒಂದ್ಸಲಕ್ಕೆ ಒಂದೇ ಕಡೆ. ಇನ್ನೊಂದು ಕಡೆ ಮುಂದೆ ನೋಡೋಣ.”

“ಯಾವ ಕಡೆ ಮೊದ್ಲು?”

“ಎರಡೂ ಒಂದೇ ಥರ ಇವೆ. ನಿಮಗೆ ಯಾವ ಕೈ ಬೇಕೋ ನೀವೇ ತೀರ್ಮಾನ ಮಾಡಿ. ಆವತ್ತು ಬೆಳಿಗ್ಗೆ ನಮ್ಮ ಕಿರಿಯ ಡಾಕ್ಟ್ರು ಗುರುತು ಹಾಕೋಕೆ ಬರ್ತಾರೆ, ಅವರಿಗೆ ಹೇಳಿದ್ರಾಯ್ತು.”

ಗಂಡಹೆಂಡಿರಿಗೆ ಜಗಳವಾಡಲು ಇಷ್ಟು ಸಾಕು. ಅವರು ಆಡಲಿಲ್ಲ, ಆಡಲು ಇಬ್ಬರಿಗೂ ತ್ರಾಣವಿರಲಿಲ್ಲ. ಆಕೆ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು. ದಿನವಿಡೀ ಯಾರ್ಯಾರದೋ ಅಂಗಿಯ ತೋಳುಗಳನ್ನು ಚಪ್ಪಟೆ ಮಾಡಿ ಬಂದು, ಗಂಡನ ತೋಳುಗಳನ್ನು ಅಂಗಿಯೊಳಗೆ ತೂರಿಸುವ ಕೆಲಸ ಮನೆಯಲ್ಲಿತ್ತು. ಅವನ ತಲೆಗೆ ನೀರು ಹಾಕುವುದು, ಗಡ್ಡ ಕೆರೆಯುವುದು, ತಲೆ ಬಾಚುವುದು ಎಲ್ಲ ಅವಳೇ. ಅವನ ಊಟವೆಂದರೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ, ಬಾಯಿ ತುತ್ತಿನ ಹತ್ತಿರ ಬರುತ್ತಿತ್ತು.

“ಬಲಗೈ ಮಾಡಿಸ್ಕೊಳ್ಳಿ ರೀ,” ಎಂದಳು, ಅವನ ತಲೆ ಬಾಚುತ್ತ. “ತಲೆ ಬಗ್ಗಿಸಿ. ಬೆಳಿಗ್ಗೆ ಎದ್ದು ನಿಮ್ಮ ತಲೆ ನೀವೇ ಬಾಚ್ಕೊಂಡ್ರೆ ನನಗೆ ಕೂತು ಒಂದು ಲೋಟ ಟೀ ಕುಡಿಯೋಕಾಗುತ್ತೆ. ನಿಂತ್ಕೊಂಡು ಕುಡಿದೂ ಕುಡಿದೂ ಸಾಕಾಗಿದೆ.”

“ಬೆಲ್ಲು ಎಳೆಯೋದು ಎಡಗೈ ಕಣೇ.”

“ಬೆಲ್ಲು! ಆ ಬೆಲ್ಲನ್ನ ಕಟ್ಕೊಂಡೇ ಇರ್ಬೇಕಿತ್ತು ನೀವು. ಕೆಳಗಡೆ ಕೋಣೇಲಿ ಕೂತ್ಕೊಂಡೂ ಸಂಬಳ ತಗೋಬಹುದಲ್ಲ.”

“ಅಲ್ಲಿ ಹಲ್ಲಿನ ಸೆಟ್ ಇದೆ.”

“ಇದ್ರೆ? ಕಚ್ಚುತ್ತಾ?”

ಅವನು ಒಳಗೊಳಗೆ ನಕ್ಕ ಎಂದು ಅವಳಿಗೆ ಗೊತ್ತಾಯಿತು. ಬಾಚಣಿಗೆಯ ಹಿಂಬದಿಯಿಂದ ಅವನ ತಲೆಗೆ ಸಣ್ಣದಾಗಿ ಕುಟ್ಟಿ ಲಾಂಡ್ರಿಗೆ ಹೊರಟಳು. ವಿಷಯ ಮತ್ತೆ ಬರಲಿಲ್ಲ. ಎಡಗೈ ಎಂದು ಅವನು ಡ್ರೈವರಿಗೆ ಹೇಳಿಟ್ಟಿದ್ದ. ಹೆಂಡತಿಗೆ ಹೇಳಲು ಒಳ್ಳೆಯ ಸಮಯಕ್ಕೆ ಕಾಯುತ್ತಿದ್ದ. ಅಂಥ ಸಮಯ ಬರಲಿಲ್ಲ, ಆಸ್ಪತ್ರೆಯ ದಿನ ಬಂತು.

ಗುರುತು ಹಾಕಲು ಬಂದ ಕಿರಿಯ ಡಾಕ್ಟರು ರಾತ್ರಿ ಪಾಳಿ ಮುಗಿಸಿ ಇನ್ನೂ ಮನೆಗೆ ಹೋಗಿರಲಿಲ್ಲ. ಪೆನ್ನಿನ ಕ್ಯಾಪನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಆಕಳಿಸುವ ಕಲೆ ಆತನಿಗೆ ಸಿದ್ಧಿಸಿತ್ತು.

“ತಿರುಗಿ ಕೂತ್ಕೊಳ್ಳಿ. ಯಾವ ಕಡೆ ಅಂತ ಸರ್ ನಿಮ್ಮನ್ನೇ ಕೇಳೋಕೆ ಹೇಳಿದಾರೆ. ತೀರ್ಮಾನ ಆಯ್ತಾ?”

“ರೈಟ್,” ಎಂದ ಗಂಭೀರ.

ಆಯಿತು ಎಂದರ್ಥ. ಅದರ ಬೆನ್ನಿಗೆ ‘ಎಡಗೈ ಮಾಡಿ, ಯಾಕಂದ್ರೆ ಬೆಲ್ಲು’ ಎಂಬ ದೊಡ್ಡ ವಾಕ್ಯವೊಂದು ಹೊರಡಲು ನಿಂತಿತ್ತು. ಅಷ್ಟರಲ್ಲಿ ತಣ್ಣನೆಯ ಪೆನ್ನು ಬೆನ್ನಿಗೆ ತಗಲಿ ಅವನಿಗೆ ಕಚಗುಳಿಯಾಯಿತು. ಪೆನ್ನು ಎರಡೂ ಹಲಗೆಗಳ ಅಂಚಿನಗುಂಟ ಗೆರೆ ಎಳೆಯಿತು, ಅಲ್ಲಿ ಇಲ್ಲಿ ಚುಕ್ಕೆ ಇಟ್ಟಿತು. ಎಲ್ಲ ತಿಳಿದವರ ಹಾಗೆ ಕೆಲಸ ಮಾಡುತ್ತಿದ್ದಾರೆ, ಕಡತದಲ್ಲೇ ಬರೆದಿರಬೇಕು ಎಂದುಕೊಂಡ. ತನ್ನ ಬೆನ್ನನ್ನು ತಾನು ಕಂಡವರು ಯಾರಿದ್ದಾರೆ?

ಆತ ಹೋದ ಮೇಲೆ, ಹೊರಗೆ ಕಾಯುತ್ತಿದ್ದ ಹೆಂಡತಿ ಗೌನಿನ ದಾರ ಕಟ್ಟಲು ಹಿಂದೆ ಬಂದಳು. ದಾರ ಹಿಡಿದ ಅವಳ ಕೈ ತಡೆದು ನಿಂತಿತು. ಬಲ ಹಲಗೆಯ ಮೇಲೆ ದಪ್ಪನೆಯ ನೀಲಿ ಬಾಣವಿತ್ತು. ಎಷ್ಟೋ ಹೊತ್ತು ಕಟ್ಟಿದಳು ಆ ದಾರವನ್ನು. ಆಮೇಲೆ ಮುಂದೆ ಬಂದು ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತಳು. ಅವಳ ಕಣ್ಣು ತುಂಬಿತ್ತು.

“ಅಳ್ತೀಯಾ ಯಾಕೆ? ನಾನೇನು ಸಾಯ್ತೀನಾ?”

“ಸುಮ್ನಿರಿ. ನಿಮಗೆ ಗೊತ್ತಾಗಲ್ಲ.”

ನಿಜಕ್ಕೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ನರ್ಸು ಚುಚ್ಚಿದ ಮದ್ದು ತಲೆಗೇರಿ ಅವನು ಮಂಪರಿನಲ್ಲಿದ್ದ. ಗಾಲಿ ಮಂಚಕ್ಕೆ ಹಾಕಿದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಹಸಿರು ಟೋಪಿಯ ನರ್ಸೊಬ್ಬಳು ಬಗ್ಗಿ, “ರೈಟ್ ಅಲ್ವಾ?” ಎಂದು ಕೇಳಿದಳು.

ಹೊರಡೋಣವೇ ಎಂದು ಕೇಳುತ್ತಿದ್ದಾಳೆ. ಮಾತು ಗೊತ್ತಿರುವ ಹೆಂಗಸು ಎಂದು ಅವನಿಗೆ ಖುಷಿಯಾಯಿತು. “ರೈಟ್, ರೈಟ್!” ಎಂದು ಬಸ್ಸಿನ ಗಂಟಲಿನಲ್ಲಿ ಕೂಗಿದ. ಮಂಚ ಚಲಿಸಿತು.

ಎಚ್ಚರವಾದಾಗ ಎಲ್ಲಕ್ಕಿಂತ ಹೆಚ್ಚು ನೋಯುತ್ತಿದ್ದದ್ದು ಸೊಂಟ. ಅದು ಯಾಕೆಂದು ಯೋಚಿಸಿದ. ಮೂಳೆ ತೆಗೆದದ್ದು ನೆನಪಾಯಿತು. ಪಕ್ಕೆಯಲ್ಲೊಂದು ಕೊಳವೆ. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಆಮೇಲೆ ಎಡಗೈ ನೋಡಿಕೊಂಡ. ಅದು ಹೊದಿಕೆಯ ಮೇಲೆ ಆರಾಮಾಗಿ, ಏನೂ ಆಗದವರ ಹಾಗೆ ಬಿದ್ದಿತ್ತು. ಬಲಗೈ ಮೈಗೆ ಬಿಗಿದ ಪಟ್ಟಿಗಳೊಳಗಿತ್ತು.

ಅವನು ಬಾಯಿ ತೆರೆದ. ಹಾಸಿಗೆಯ ಪಕ್ಕದಲ್ಲಿದ್ದ ಹೆಂಡತಿ ಅವನ ಹಣೆಯ ಮೇಲೆ ಕೈಯಿಟ್ಟಳು.

“ಮಾತಾಡ್ಬೇಡಿ. ಚೆನ್ನಾಗಾಗಿದೆ ಅಂದ್ರು ಡಾಕ್ಟ್ರು. ನೋಡಿ… ಬಸ್ಸು ಬಿಟ್ಟುಬಿಡೋಕೂ ನೀವು ಮನಸ್ಸು ಮಾಡಿಬಿಟ್ರಿ. ಇಷ್ಟು ವರ್ಷದಲ್ಲಿ ನೀವು ನನ್ನ ಮಾತು ಕೇಳಿದ್ದು ಇದೊಂದೇ ಸಲ.”

ಅವನು ಬಾಯಿ ಮುಚ್ಚಿಕೊಂಡ. ಮುಖದಲ್ಲಿ ಏನೂ ಕಾಣಲಿಲ್ಲ. ತನ್ನ ರೋಗದಿಂದ ಒಂದು ಉಪಕಾರವಾಯಿತೆಂದು ಅವನಿಗೆ ಮೊದಲ ಸಲ ಅನ್ನಿಸಿತು.

ವಾರ್ಡಿಗೆ ಬಂದ ಡ್ರೈವರ್ ಪಟ್ಟಿ ನೋಡಿದವನೇ, “ಏನಯ್ಯಾ ಗಂಭೀರಾ, ಎಡ ಅಂದಿದ್ದೆ ನನ್ನ ಹತ್ರ, ಇದೇನಿದು?” ಎಂದುಬಿಟ್ಟ.

“ಮನಸ್ಸು ಬದಲಾಯಿಸ್ದೆ.”

“ನೀನು? ಮನಸ್ಸು?” ಡ್ರೈವರ್ ಹೆಂಡತಿಯ ಕಡೆ ನೋಡಿದ. “ಅಮ್ಮಾ, ಇವನ ಹೆಗಲು ಮಾತ್ರ ಅಲ್ಲ, ತಲೇನೂ ಬಿಚ್ಚಿ ರಿಪೇರಿ ಮಾಡಿದಾರೆ.”

ಆಕೆ ನಕ್ಕಳು. ಆದರೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಕೈ ಒಂದು ಕ್ಷಣ ನಿಧಾನವಾಯಿತು.

ಕೈ ಕಟ್ಟಿಹಾಕಿದ ತಿಂಗಳುಗಳು ಕಳೆದದ್ದು ಹೇಗೆಂದು ಬರೆಯಲು ಏನೂ ಇಲ್ಲ. ಇದ್ದ ಎರಡು ಕೆಟ್ಟ ಕೈಗಳಲ್ಲಿ ಒಂದು ರಜೆಯಲ್ಲಿತ್ತು, ಆದ್ದರಿಂದ ಹೆಂಡತಿಯ ಕೆಲಸ ಇಮ್ಮಡಿಯಾಯಿತು. ಈಗ ಅವಳು ತುತ್ತನ್ನೂ ಕೊಡುತ್ತಿದ್ದಳು, ಸೊಂಟ ಹಿಡಿದು ಎಬ್ಬಿಸುತ್ತಲೂ ಇದ್ದಳು. ಗೊಣಗಲಿಲ್ಲ. ಅವಳು ಗೊಣಗದಿದ್ದದ್ದೇ ಅವನಿಗೆ ದೊಡ್ಡ ಶಿಕ್ಷೆ. ಟೀ ಲೋಟ ಬಾಯಿಗೆ ಹಿಡಿದು, “ಇನ್ನೊಂಚೂರು ದಿನ, ಆಮೇಲೆ ನೀವೇ” ಎನ್ನುತ್ತಿದ್ದಳು. ಎಷ್ಟೋ ಸಲ ನಿಜ ಹೇಳಲು ಹೊರಟ. ಪ್ರತಿ ಸಲವೂ ಟೀ ಬಿಸಿಯಾಗಿತ್ತು.

ಪಟ್ಟಿ ಬಿಚ್ಚಿದರು. ಮೂಳೆ ಕೂಡಿದೆ ಎಂದು ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ತಂತಿಗಳು ಬೇಲಿ ಕಟ್ಟಿದ ಹಾಗೆ ಕಂಡವು. ವ್ಯಾಯಾಮ ಶುರುವಾಯಿತು. ಮೊದಮೊದಲು ಕೈ ಬಾಗಿಲ ಚಿಲಕದವರೆಗೆ ಬಂತು, ಆಮೇಲೆ ಗೋಡೆಯ ಸ್ವಿಚ್ಚಿನವರೆಗೆ. ಒಂದು ದಿನ ಬಾಚಣಿಗೆ ಹಿಡಿದು ತಲೆಯ ಒಂದು ಪಕ್ಕಕ್ಕೆ ತಾನೇ ಎಳೆದುಕೊಂಡ. ಹೆಂಡತಿ ಕುರ್ಚಿ ಎಳೆದು ಕೂತು, ಕಾಲು ಚಾಚಿ, ಟೀ ಕುಡಿದಳು. ಕೊನೆಯ ಗುಟುಕಿನವರೆಗೂ ಏಳಲಿಲ್ಲ.

ಡಿಪೋದಿಂದ ಕರೆ ಬಂದಾಗ ಮಗಳು ಹಜಾರದ ಬಾಗಿಲ ಮೇಲೆ ಬಟ್ಟೆ ಹಗ್ಗ ಕಟ್ಟಿ, “ಅಪ್ಪ, ಇದೇ ನಿನ್ನ ಬೆಲ್ಲು. ನೀನು ಎಳಿ, ನಾನು ಸಿಳ್ಳೆ ಹೊಡೀತೀನಿ” ಅಂದಳು. ಗಂಭೀರ ಬಾಗಿಲ ಪಕ್ಕ ಬಸ್ಸಿನಲ್ಲಿ ನಿಂತ ಹಾಗೇ, ಹಗ್ಗ ಎಡಕ್ಕೆ ಬರುವಂತೆ ನಿಂತ. ಎಡಗೈ ತಾನಾಗಿ ಮೇಲಕ್ಕೆ ಹೊರಟು, ಎದೆಯ ಹತ್ತಿರ ನಿಂತಿತು. ತಲೆಯ ಮೇಲಿಂದ ಅಡ್ಡಲಾಗಿ ಬಲಗೈ ಚಾಚಲು ನೋಡಿದ. ಬಿಗಿದ ಮೂಳೆ ಅಷ್ಟು ದೂರ ಬರುವುದಿಲ್ಲ ಎಂದಿತು. ಮತ್ತೆ ಎಡಗೈ ಹೊರಟಿತು, ಮತ್ತೆ ನಿಂತಿತು. ಮಗಳು ತುಟಿ ದುಂಡಗೆ ಮಾಡಿಕೊಂಡು ಕಾದೇ ಕಾದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಇದೆಲ್ಲ ನೋಡಿದಳು. ಒಳಗೆ ಹೋಗಿ ಒಲೆ ಆರಿಸಿ ಬಂದಳು.

“ರೀ. ಆವತ್ತು ಬೆಳಿಗ್ಗೆ ಆ ಹುಡುಗ ಡಾಕ್ಟ್ರಿಗೆ ಏನಂದ್ರಿ ನೀವು?”

“ರೈಟ್ ಅಂದೆ.”

“ಯಾವ ರೈಟು?”

ಅವನು ಹಗ್ಗ ನೋಡಿದ.

“ಕೈಯ ರೈಟಾ? ಬಸ್ಸಿನ ರೈಟಾ?”

ಮಗಳ ತುಟಿಯಿಂದ ಗಾಳಿ ಮಾತ್ರ ಬಂತು. ಗಂಭೀರ, “ಬಸ್ಸಿನದು” ಅಂದ.

ಹೆಂಡತಿ ಟೀ ಕುಡಿಯುವ ಕುರ್ಚಿಯಲ್ಲಿ ಕೂತಳು. ಸೀರೆಯ ಸೆರಗಿನಿಂದ ಕತ್ತು ಒರೆಸಿಕೊಂಡಳು.

“ಹಾಗಾದ್ರೆ,” ಎಂದಳು, “ನಾನು ಅತ್ತಿದ್ದೆಲ್ಲ ದಂಡ.”

ಗಂಭೀರ ತುಟಿ ಅಲ್ಲಾಡಿಸಲಿಲ್ಲ.

“ನಗ್ಬೇಡಿ.”

“ನಗ್ತಿಲ್ಲ.”

“ನನಗೆ ಗೊತ್ತು ನಗ್ತಿದೀರ. ಮುಖ ಇಲ್ಲದಿದ್ರೆ ಏನಂತೆ, ಹೊಟ್ಟೆ ಕುಣೀತಿದೆ.” ಅವಳು ಎದ್ದಳು. ಅವನ ಎರಡು ಹೆಗಲನ್ನೂ ಹಿಡಿದಳು. ಬಲದ್ದು ಮನೆಯ ಕಂಬದ ಹಾಗೆ ಗಟ್ಟಿಯಾಗಿತ್ತು, ಎಡದ್ದು ಕೈಯೊಳಗೆ ಜಾರಿತು. ಬಟ್ಟೆ ಇಸ್ತ್ರಿ ಮಾಡುವಾಗ ಹೊರಳಿಸುವ ಹಾಗೆ ಅವನನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದಳು. “ಬಸ್ಸಂತೂ ತಿರುಗಲ್ಲ. ನೀವು ತಿರುಗಿ.”

ಹಗ್ಗ ಈಗ ಅವನ ಬಲಕ್ಕಿತ್ತು.

ಪರೀಕ್ಷೆಯ ದಿನ ಡಿಪೋ ಮ್ಯಾನೇಜರ್ ಖಾಲಿ ಬಸ್ಸಿನ ನಡುವಿನ ಸೀಟಿನಲ್ಲಿ, ಕಿಟಕಿಯ ಪಕ್ಕ ಕೂತರು. ಗಾಜಿನ ಕೋಣೆಯಲ್ಲಿ ಡ್ರೈವರ್ ಕೂತ. ಗಂಭೀರ ಬಾಗಿಲ ಹತ್ತಿರ ತನ್ನ ಜಾಗದಲ್ಲಿ ನಿಂತ. ಹಳೆಯ ಚಾಳಿ ಬಿಡಲಿಲ್ಲ, ಎಡಗೈ ಹೊರಟಿತು, ನಿಂತಿತು. ಮ್ಯಾನೇಜರ್ ಕಿಟಕಿಯ ಕಡೆ ಮುಖ ತಿರುಗಿಸಿದರು. ಅದರ ಅರ್ಥ ಗಂಭೀರನಿಗೆ ಗೊತ್ತಿತ್ತು.

ಅವನು ಡ್ರೈವರಿಗೆ ಬೆನ್ನು ಹಾಕಿ ತಿರುಗಿ ನಿಂತ. ಬಲಗೈ ಎತ್ತಿದ. ಅದು ಹಳೆಯ ಕಟ್ಟಡದ ಲಿಫ್ಟಿನ ಹಾಗೆ ತಡೆದು ತಡೆದು ಏರಿತು. ಹೆಗಲಿನ ಮಟ್ಟ, ಕಿವಿಯ ಮಟ್ಟ. ಸೊಂಟದ ಹಳೆಯ ನೋವು ಒಮ್ಮೆ ಚುಚ್ಚಿತು. ಎರಡು ಬೆರಳು ಹಗ್ಗಕ್ಕೆ ಸಿಕ್ಕಿದವು. ಎಳೆಯುವ ಶಕ್ತಿ ಸಾಲದೆ ಅವನು ಮಂಡಿ ಬಗ್ಗಿಸಿ ಮೈಭಾರವನ್ನೇ ಹಗ್ಗಕ್ಕೆ ಬಿಟ್ಟ.

ಗಂಟೆ ಹೊಡೆಯಿತು. ಪರೀಕ್ಷೆ ಎಂಬುದನ್ನು ಮರೆತ ಡ್ರೈವರ್ ಬಸ್ಸು ಹೊರಡಿಸಿಯೇಬಿಟ್ಟ.

“ಏಯ್, ಹೋಲ್ಡಾನ್! ಹೋಲ್ಡಾನ್!” ಎಂದು ಮ್ಯಾನೇಜರ್ ಸೀಟು ಹಿಡಿದುಕೊಂಡು ಕೂಗಿದರು. ಗಾಜಿನ ಒಳಗೆ ಅದು ಕೇಳಲಿಲ್ಲ. ಬಸ್ಸು ಗೇಟಿನ ಕಡೆ ತಿರುಗಿತು. ಗಂಭೀರ ಮತ್ತೊಮ್ಮೆ ಕೈಯನ್ನು ಮೇಲೆ ಕಳಿಸಿ, ಮಂಡಿ ಬಗ್ಗಿಸಿ, ಗಂಟೆ ಬಾರಿಸಿದ. ಬಸ್ಸು ನಿಂತಿತು.

ಮ್ಯಾನೇಜರ್ ಕೂದಲು ಸರಿಮಾಡಿಕೊಂಡರು. “ಅಲ್ರೀ, ಬಸ್ಸು ಮುಂದಕ್ಕೆ ಹೋಗುತ್ತೆ, ನೀವು ಹಿಂದಕ್ಕೆ ನೋಡ್ಕೊಂಡು ನಿಲ್ತೀರಾ?”

“ಟಿಕೆಟ್ ತಗೊಳ್ದೇ ಇರೋರೆಲ್ಲ ಹಿಂದೇನೇ ಕೂತಿರ್ತಾರೆ ಸಾರ್.”

ಮ್ಯಾನೇಜರ್ ಅವನ ಮುಖ ನೋಡಿದರು. ಅವನು ತಮಾಷೆ ಮಾಡುತ್ತಿದ್ದಾನೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಈ ಸಲ ಅವರು ಕಿಟಕಿಯ ಕಡೆ ತಿರುಗಲಿಲ್ಲ.

ಗಂಭೀರನನ್ನು ಒಂದು ವರ್ಷದ ಮಟ್ಟಿಗೆ ಬಸ್ಸಿಗೇ ಹಾಕಿದರು. ಎಡ ಹೆಗಲಿನ ಮಾತು ಮುಂದಕ್ಕೆ ಹೋಯಿತು. ತಲೆಯನ್ನು ಅವನೇ ಬಾಚಿಕೊಳ್ಳುತ್ತಾನೆ, ಬೈತಲೆ ಸೊಟ್ಟಗಿರುತ್ತದೆ. ಸಕ್ಕರೆ ಡಬ್ಬಿ ಕೆಳಗಿನ ಗೂಡಿನಲ್ಲೇ ಇದೆ.